ಏಳು ನಿಮಿಷ ಮುಂದಿದ್ದ ಸರ್ವರ್

ಮಾರ್ಚ್ 3, ಸೋಮವಾರ. ಸಂಜೆ 6.40

ಮೂರನೇ ಸಲವೂ ಅದೇ ಕಥೆ. ತೊಂಬತ್ತೆಂಟು ಪರ್ಸೆಂಟ್‌ವರೆಗೆ ಸಲೀಸಾಗಿ ಬಂತು. ಹಸಿರು ಪಟ್ಟಿ ಇನ್ನೇನು ಕೊನೆ ಮುಟ್ಟಬೇಕು — 'ಸರ್ವಿಸ್ ಶುರುವಾಗಲಿಲ್ಲ.' ಆಮೇಲೆ ಹಾಕಿದ್ದನ್ನೆಲ್ಲ ಒಂದೊಂದಾಗಿ ತಾನೇ ಕಿತ್ತುಕೊಂಡು ವಾಪಸ್. ಮುನಿಸಿಕೊಂಡು ತವರಿಗೆ ಹೊರಟವಳ ಹಾಗೆ, ಪೆಟ್ಟಿಗೆ ಸಮೇತ.

ಇರಲಿ. ನನಗೇನು ಹೆದರಿಕೆ? ಆಚೆ ದಡಕ್ಕೆ ಹೋಗುವ ಲಾಂಚ್‌ಗಳಿಗೆ ಚೀಟಿ ಕೊಡಲು ಒಂದು ಹೊಸ ಸರ್ವರ್, ಅದರ ಮೇಲೆ ಹೊಸ ಆಪರೇಟಿಂಗ್ ಸಿಸ್ಟಮ್, ಅದರ ಮೇಲೆ ಡೇಟಾಬೇಸ್ ಸಾಫ್ಟ್‌ವೇರ್. ಕಾಲೇಜಿನಲ್ಲಿ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸ. ಕಣ್ಣು ಬಿಟ್ಟುಕೊಂಡು ಮಾಡಿದರೆ ಆಗುವುದಿಲ್ಲವೇ!

ಆಗಲೇಬೇಕು. ನನ್ನ ರಜೆ ಅರ್ಜಿ ಮ್ಯಾನೇಜರ್ ಡ್ರಾಯರ್‌ನಲ್ಲಿದೆ. 18ರಿಂದ ನಾಲ್ಕು ದಿನ. ಆಚೆ ದಡದ ಗೆಸ್ಟ್ ಹೌಸ್, ಹಳದಿ ಕಿಟಕಿಗಳ ಕೋಣೆ, ನಾವಿಬ್ಬರೇ!!! ಮದುವೆಯಾಗಿ ಐದು ವಾರ. ಈ ಪ್ರಯಾಣ ಆಗಲೇ ಎರಡು ಸಲ ಮುಂದಕ್ಕೆ ಹೋಗಿದೆ. ಒಮ್ಮೆ ಗಂಡನ ಲಾಂಚ್‌ನ ಎಂಜಿನ್ ಕೆಟ್ಟಿತು, ಒಮ್ಮೆ ನನಗೆ ಜ್ವರ ಬಂತು. ಮೂರನೇ ಸಲ ನಾನು ಬಿಡುವವಳಲ್ಲ.

ಮ್ಯಾನೇಜರ್ ಇವತ್ತು ಕರೆದು ಸ್ಪಷ್ಟವಾಗಿ ಹೇಳಿದರು. "ಹದಿನೇಳಕ್ಕೆ ಹಳೇ ಸರ್ವರ್ ಬಂದ್. ಅವತ್ತು ಹೊಸದು ಚೀಟಿ ಕೊಟ್ರೆ ನಿಮ್ಮ ರಜಕ್ಕೆ ಸಹಿ. ಕೊಡ್ಲಿಲ್ವಾ, ನೀವೇ ಕೌಂಟರ್‌ನಲ್ಲಿ ಕೂತ್ಕೊಂಡು ಕೈಯಲ್ಲಿ ಬರೀರಿ."

"ಬರೀತೀನಿ ಸಾರ್. ಆದ್ರೆ ನನ್ನ ಕನ್ನಡ ಅಕ್ಷರ ಓದಿ ಜನ ಬೇರೆ ಲಾಂಚ್ ಹತ್ತಿಬಿಡ್ತಾರೆ."

"ಅದಕ್ಕೇ ಹೇಳಿದ್ದು, ಸರ್ವರ್ ನಡೆಸಿ ಅಂತ."

ಈ ಡೈರಿ ಕೊಟ್ಟವನು ನನ್ನ ಗಂಡ. ಶರತ್ತು ಒಂದೇ: ಕನ್ನಡದಲ್ಲಿ ಬರೆಯಬೇಕು. ಓದುವುದಿಲ್ಲ ಎಂದು ತಲೆ ಮುಟ್ಟಿ ಹೇಳಿದ್ದಾನೆ. (ನನ್ನ ತಲೆ ಮುಟ್ಟಿ. ಬಹಳ ಹೊತ್ತು ಮುಟ್ಟಿದ.) ಲಾಂಚ್ ಮೆಕ್ಯಾನಿಕ್. ಜೆಟ್ಟಿಯಲ್ಲಿ ಎಲ್ಲರೂ ಅವನನ್ನು ಲಂಗರು ಎನ್ನುತ್ತಾರೆ, ಎಂಜಿನ್ ಕೆಳಗೆ ಹೋದರೆ ಎಳೆದರೂ ಮೇಲೆ ಬರುವುದಿಲ್ಲ ಎಂದು. ಹಾಸಿಗೆಯಿಂದಲೂ ಅಷ್ಟೇ. ಅದು ಜೆಟ್ಟಿಯವರಿಗೆ ಗೊತ್ತಿಲ್ಲ.

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 7.52

ಮನೆ ಗಡಿಯಾರದಲ್ಲಿ 7.52. ಲೋಕದಲ್ಲಿ 7.45.

ಈ ಮನೆಯ ಗಡಿಯಾರಗಳೆಲ್ಲ ಏಳು ನಿಮಿಷ ಮುಂದೆ. ಹಾಲ್‌ನದು, ಅಡುಗೆಮನೆಯದು, ನಮ್ಮ ಕೋಣೆಯ ಅಲಾರಂ ಕೂಡ. ಜೆಟ್ಟಿಯ ದೊಡ್ಡ ಗಡಿಯಾರವೂ ಹಾಗೇ. ಮಾವ ಅಲ್ಲಿ ಮೂವತ್ತೆಂಟು ವರ್ಷ ಟೈಮ್‌ಕೀಪರ್ ಆಗಿದ್ದವರು. ಕೊನೇ ಗಳಿಗೆಯಲ್ಲಿ ಓಡಿ ಬಂದು ಯಾರೂ ಹೊರಟ ಲಾಂಚ್‌ಗೆ ಹಾರಬಾರದು ಎಂದು ಮುಂದಿಟ್ಟರಂತೆ. ಊರವರಿಗೆಲ್ಲ ಗೊತ್ತು. ಗೊತ್ತಿದ್ದೂ ಆ ಮುಳ್ಳು ಕಂಡ ಕೂಡಲೇ ಬಿರಬಿರನೆ ಕಾಲು ಹಾಕುತ್ತಾರೆ. ರಿಟೈರ್ ಆಗಿ ಎರಡು ವರ್ಷವಾದರೂ ಮಾವ ಪ್ರತಿ ಸೋಮವಾರ ಹೋಗಿ, ಏಣಿ ಹತ್ತಿ, ಅದಕ್ಕೆ ಕೀಲಿ ಕೊಟ್ಟು ಬರುತ್ತಾರೆ.

ಮದುವೆಯ ದಿನ ರಿಜಿಸ್ಟ್ರಾರ್ ಆಫೀಸಿಗೆ ಗಂಡಿನ ಕಡೆಯವರು ನಮಗಿಂತ ಮೊದಲೇ ಬಂದು ಬೆಂಚು ಹಿಡಿದಿದ್ದರು. ನಮ್ಮಮ್ಮ ಎಷ್ಟು ಹೊಗಳಿದರು! ಕಾರಣ ಗಡಿಯಾರ ಎಂದು ನನಗೆ ಆಮೇಲೆ ತಿಳಿಯಿತು.

ನನಗಂತೂ ಈ ಏಳು ನಿಮಿಷ ಬಹಳ ಇಷ್ಟ. ಮೊದಲ ಲಾಂಚ್ 8.10ಕ್ಕೆ. ಹದಿನೈದು ನಿಮಿಷ ಮೊದಲು, ಸರಿಯಾಗಿ 7.55ಕ್ಕೆ, ಮೊದಲ ಹಾರ್ನ್. ಆಗ ಮನೆ ಗಡಿಯಾರ 8.02 ತೋರಿಸುತ್ತದೆ. ಹಾರ್ನ್ ಕೇಳಿ ಚಪ್ಪಲಿ ಮೆಟ್ಟಿದರೆ ಎಂಟು ನಿಮಿಷದಲ್ಲಿ ಆಫೀಸು. ಅಷ್ಟರವರೆಗೆ ಡೈರಿ, ಚಹಾ, ಲಂಗರಿನ ಕೆದರಿದ ತಲೆ. ದಿನಾ ಏಳು ನಿಮಿಷ ಬಿಟ್ಟಿ.

ಸಂಜೆ 6.30

ಹೆಡ್ ಆಫೀಸ್‌ಗೆ ಫೋನ್ ಮಾಡಿದೆ. ಡೇಟಾಬೇಸ್ ತಾನಾಗಿ ಓಡುವುದಿಲ್ಲ. ಅದಕ್ಕೆ ಹೆಡ್ ಆಫೀಸ್ ಕೊಟ್ಟ ಒಂದು ಲಾಗಿನ್ ಬೇಕು. ಶುರುವಾಗುವಾಗ ಅದು ಆ ಲಾಗಿನ್ ಹಿಡಿದು ಹೆಡ್ ಆಫೀಸ್ ಸರ್ವರ್‌ನ ಬಾಗಿಲು ತಟ್ಟುತ್ತದೆ. ಅಲ್ಲಿಂದ 'ಬಾ' ಎಂದರೆ ಮಾತ್ರ ಮುಂದಿನ ಮಾತು. ಅವೆಲ್ಲ ನೋಡಿಕೊಳ್ಳುವವರು ಒಬ್ಬರಿದ್ದಾರೆ. ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು. ಪಾಸ್‌ವರ್ಡ್ ಅಣ್ಣ ಎಂದು ಹೆಸರಿಟ್ಟಿದ್ದೇನೆ.

"ಪಾಸ್‌ವರ್ಡ್ ಸರಿಯಾಗಿ ಹೊಡೆದ್ರಾ ಮೇಡಂ?"

"ಹೊಡೆದೆ."

"ಕ್ಯಾಪ್ಸ್ ಲಾಕ್?"

"ಅಣ್ಣಾ, ನಾನು ಎಂಜಿನಿಯರ್."

"ಎಂಜಿನಿಯರ್‌ಗಳೇ ಮೇಡಂ ಜಾಸ್ತಿ ಅದನ್ನ ಒತ್ತಿಟ್ಟಿರೋದು."

ನೋಡಿದೆ. ಒತ್ತಿರಲಿಲ್ಲ. ಹೊಸ ಪಾಸ್‌ವರ್ಡ್ ಕೊಟ್ಟರು. ನಾಲ್ಕನೇ ಸಲ. ತೊಂಬತ್ತೆಂಟು. ವಾಪಸ್.

ಮಾರ್ಚ್ 6, ಗುರುವಾರ. ಸಂಜೆ 6.15

ಧೈರ್ಯ ಮಾಡಿ ಎಲ್ಲ ಅಳಿಸಿದೆ. ಡಿಸ್ಕ್ ಬೋಳು. ಆಪರೇಟಿಂಗ್ ಸಿಸ್ಟಮ್ ಮತ್ತೆ ಬುಡದಿಂದ. ಅಣ್ಣನನ್ನು ಫೋನ್‌ನಲ್ಲಿಟ್ಟುಕೊಂಡು ಹೆಡ್ ಆಫೀಸ್‌ಗೆ ಜೋಡಿಸಿದೆ, ಒಂದೇ ಏಟಿಗೆ ಕೂಡಿಕೊಂಡಿತು. ಆಮೇಲೆ ನನ್ನ ಪೆನ್‌ಡ್ರೈವ್ ಹಾಕಿ 'ಬಾ ಒಳಗೆ' ಓಡಿಸಿದೆ.

'ಬಾ ಒಳಗೆ' ನಾನು ಬರೆದ ಪುಟ್ಟ ಸ್ಕ್ರಿಪ್ಟ್. ಜೆಟ್ಟಿಗೆ ಯಾವ ಕಂಪ್ಯೂಟರ್ ಬಂದರೂ ಮೊದಲು ಅದರದ್ದೇ ಸತ್ಕಾರ. ಪ್ರಿಂಟರ್ ಜೋಡಿಸುತ್ತದೆ, ಕನ್ನಡ ಕೀಬೋರ್ಡ್ ಹಾಕುತ್ತದೆ, ಪರದೆ ಮೇಲೆ ಲಾಂಚ್ ಚಿತ್ರ ಇಡುತ್ತದೆ, ಮಾವನ ಏಳು ನಿಮಿಷವನ್ನೂ ಇಡುತ್ತದೆ. ಮದುವೆಯಾದ ಮೂರನೇ ವಾರ ಬರೆದದ್ದು. ಕೌಂಟರ್‌ನ ಕಂಪ್ಯೂಟರ್‌ಗಳು ಇಂಟರ್ನೆಟ್‌ನಿಂದ ಟೈಮ್ ತೆಗೆದುಕೊಂಡು ಪದೇ ಪದೇ ಹಿಂದಕ್ಕೆ ಬೀಳುತ್ತಿದ್ದವು. ಮಾವನಿಗೆ ಅದೇ ಕೊರಗು. ನಾನು ಆ ತಾನಾಗಿ ಸರಿಹೋಗುವುದನ್ನೇ ಬಂದ್ ಮಾಡಿ, ಏಳು ನಿಮಿಷ ಮುಂದಿಟ್ಟು, ಬೀಗ ಹಾಕಿಬಿಟ್ಟೆ. ಅವತ್ತು ಮಾವ ಮನೆಗೆ ಬಂದವರೇ ಅತ್ತೆಗೆ ಹೇಳಿದ್ದು: "ಸೊಸೆ ಅಂದ್ರೆ ಇವಳು ನೋಡು!" ಅದಕ್ಕೆ ಅತ್ತೆ: "ಮೂರು ವಾರಕ್ಕೇ ಹೇಳ್ಬೇಡಿ, ಬೆಳೆಯೋ ಮಗು."

ಡೇಟಾಬೇಸ್ ಹಾಕಿದೆ. ಐದನೇ ಸಲ. ಮೂರು ಗಂಟೆ ಹತ್ತು ನಿಮಿಷಕ್ಕೆ ಅದೇ ತೊಂಬತ್ತೆಂಟು, ಅದೇ ವಾಪಸ್.

ಸರ್ವರ್‌ನ ದಿನಚರಿ ತೆಗೆದು ನೋಡಿದೆ. ಲಾಗ್ ಅಂದರೆ ಅದರ ಡೈರಿಯೇ ತಾನೆ. ಯಾವ ನಿಮಿಷಕ್ಕೆ ಏನು ನೋವಾಯಿತು, ಎಲ್ಲ ಬರೆದಿಡುತ್ತದೆ. 3.10 ಹುಡುಕಿದೆ. ಒಂದಕ್ಷರವಿಲ್ಲ. ಕೆಟ್ಟಿದ್ದೂ ಅಲ್ಲದೆ ಬಾಯಿ ಬೇರೆ ಬಿಡುತ್ತಿಲ್ಲ, ಮುಂಡೇದು.

ಆದರೂ ನಾನು ಗೆಲ್ಲುತ್ತೇನೆ. ಬರೆದಿಡುತ್ತಿದ್ದೇನೆ ಇಲ್ಲಿ.

ಮಾರ್ಚ್ 8, ಶನಿವಾರ. ಮಧ್ಯಾಹ್ನ 2.05

ತಟ್ಟಿ ತಟ್ಟಿ ಲಾಗಿನ್ನೇ ಲಾಕ್ ಆಯಿತು. ಅಣ್ಣನ ಮೇಲೆ ರೇಗಿಬಿಟ್ಟೆ.

"ನಿಮ್ಮ ಪಾಸ್‌ವರ್ಡೇ ಸರಿ ಇಲ್ಲ."

"ಮೇಡಂ, ಇದೇ ಪಾಸ್‌ವರ್ಡ್ ಇಲ್ಲಿ ಮೂರು ಮೆಷೀನಲ್ಲಿ ಕುಣೀತಾ ಇದೆ. ನಿಮ್ಮ ದಡದಲ್ಲಿ ಮಾತ್ರ ಕುಣಿಯಲ್ಲ. ನಿಮ್ಮಲ್ಲೇನು ಗಾಳಿ ಬೇರೆನಾ?"

ಗಾಳಿಯಂತೆ! ಮೂಗಿನ ತುದಿಗೆ ಬಂತು ಕೋಪ. ಅವರ ಮೇಲಧಿಕಾರಿಗೆ ಉದ್ದದ ಮೇಲ್ ಬರೆದೆ. ಇಂಗ್ಲಿಷಿನಲ್ಲಿ. ಎಷ್ಟು ಚೆನ್ನಾಗಿ ಬಂತೆಂದರೆ ಎರಡು ಸಲ ಓದಿಕೊಂಡೆ. ಕಳಿಸಿಯೂ ಬಿಟ್ಟೆ.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 10.30

ಸೂಟ್‌ಕೇಸ್ ತೆಗೆದಿಟ್ಟೆ. ಇನ್ನೂ ಒಂಬತ್ತು ದಿನ ಇದೆಯಲ್ಲೇ ಎಂದ ಲಂಗರು. ತೆಗೆದಿಟ್ಟರೆ ಹೋದ ಹಾಗೇ ಅಲ್ಲವೇ? ಅವನ ನೀಲಿ ಶರ್ಟ್ ಮಡಚಿ ಹಾಕಿದೆ. ನನ್ನ ನೀಲಿ ಸೀರೆ ಅದರ ಪಕ್ಕ. ತೆಗೆದೆ, ನೋಡಿದೆ, ಮತ್ತೆ ಹಾಕಿದೆ. ಹುಚ್ಚಿ.

ಅತ್ತೆಯ ಎದುರು ಅವನನ್ನು 'ರೀ' ಎನ್ನುತ್ತೇನೆ, ಕೋಣೆಯಲ್ಲಿ 'ಲೋ'. ಇವತ್ತು ಚಹಾ ಕೊಡುವಾಗ ಎರಡೂ ಕೂಡಿ "ಲೋ, ಚಹಾ ತಗೊಳ್ರೀ" ಎಂದುಬಿಟ್ಟೆ. ಮಾವ ಪೇಪರ್ ಮುಖಕ್ಕೆ ಹಿಡಿದುಕೊಂಡರು. ಪೇಪರ್ ನಡುಗುತ್ತಿತ್ತು.

ಅತ್ತೆ ಮಾತ್ರ ಪಾತ್ರೆ ಒರೆಸುತ್ತಲೇ, "ಆ 'ಲೋ'ನೇ ಇಟ್ಕೊಳ್ಳೇ. ಅವನು ಅದಕ್ಕೇ ಬೇಗ ಏಳೋದು" ಎಂದರು.

ಅತ್ತೆಯ ಎಡಗಾಲು ಕೊಂಚ ಎಳೆಯುತ್ತದೆ. ಏನಾಯಿತು ಎಂದು ಕೇಳಬೇಕೆಂದುಕೊಂಡು ಐದು ವಾರವಾಯಿತು. ಅವರ ಬಾಯಿಗೆ ಹೆದರಿ ಕೇಳಿಲ್ಲ.

ಮಾರ್ಚ್ 12, ಬುಧವಾರ. ಬೆಳಿಗ್ಗೆ 11.25 — ಆಫೀಸಿನಲ್ಲಿ, ನನ್ನ ಫೋನ್ ಪ್ರಕಾರ

ಖುಷಿಪಡಬೇಕೋ ನಾಚಬೇಕೋ ಗೊತ್ತಾಗುತ್ತಿಲ್ಲ.

ಎರಡು ದಿನ ಕೇಬಲ್ ಬದಲಿಸಿದೆ, ಫೈರ್‌ವಾಲ್ ತೆಗೆದೆ, ಹಾಕಿದೆ. ಬರೆಯುವ ಮನಸ್ಸೂ ಇರಲಿಲ್ಲ. ಇವತ್ತು ಎಂಟನೇ ಸಲ. ಕೆಟ್ಟಾಗ ಫೋನ್‌ನಲ್ಲಿ 11.17. ಮಾಮೂಲಿನಂತೆ ಲಾಗ್ ತೆರೆದು 11.17 ಹುಡುಕಿದೆ. ಖಾಲಿ. ಬೇಜಾರಾಗಿ ಪಟ್ಟಿಯ ತುತ್ತತುದಿಗೆ ಹೋದೆ. ಅಲ್ಲಿ ಒಂದು ಕೆಂಪು ಸಾಲು. ಹೊತ್ತು — 11.24.

ಫೋನ್ ನೋಡಿದೆ. 11.19.

ಇನ್ನೂ ಆಗದ ಹೊತ್ತಿನಲ್ಲಿ ಬರೆದ ದೂರು!

ಒಂದು ಕ್ಷಣ ಭೂತ ಹೊಕ್ಕಿದೆ ಎಂದೇ ಅಂದುಕೊಂಡೆ. ಆಮೇಲೆ ಸಾಲು ಓದಿದೆ. ಈ ಸರ್ವರ್‌ನ ಗಡಿಯಾರಕ್ಕೂ ಹೆಡ್ ಆಫೀಸ್ ಗಡಿಯಾರಕ್ಕೂ ಅಂತರ ಮಿತಿ ಮೀರಿದೆ, ಲಾಗಿನ್ ಒಪ್ಪುವುದಿಲ್ಲ. ಮಿತಿ ಐದು ನಿಮಿಷ. ನಮ್ಮದು ಏಳು.

ನಮ್ಮದು. ಅಂದರೆ ಮಾವನದು. ಅಲ್ಲ, ಮಾವ ಗೋಡೆ ಗಡಿಯಾರಕ್ಕೆ ಇಟ್ಟರು. ಸರ್ವರ್‌ಗೆ ಇಟ್ಟವಳು ನಾನು. ಪ್ರತಿ ಸಲ ಅಚ್ಚುಕಟ್ಟಾಗಿ ಹೆಡ್ ಆಫೀಸ್‌ಗೆ ಜೋಡಿಸುವುದು, ಮರುಕ್ಷಣ 'ಬಾ ಒಳಗೆ' ಓಡಿಸಿ ನನ್ನ ಕೈಯಾರೆ ಅದನ್ನು ಹೊರಗೆ ನಿಲ್ಲಿಸುವುದು. ಕೌಂಟರ್‌ನ ಕಂಪ್ಯೂಟರ್‌ಗಳು ಹೆಡ್ ಆಫೀಸ್ ಬಾಗಿಲು ತಟ್ಟುವುದೇ ಇಲ್ಲ. ಅದಕ್ಕೇ ಅವು ಆರಾಮಾಗಿದ್ದವು.

ಎಂಟು ಸಲ! ಡಿಸ್ಕ್ ಬೋಳಿಸಿ ಹಾಕಿದ್ದು ಬೇರೆ!

ಸಂಜೆ 6.20

ನೂರು! ನೂರು ಪರ್ಸೆಂಟ್!!! ಸ್ಕ್ರಿಪ್ಟ್‌ನಿಂದ ಆ ಸಾಲು ತೆಗೆದೆ, ಸರ್ವರ್‌ಗೆ ನಿಜವಾದ ಹೊತ್ತು ಕೊಟ್ಟೆ, ಓಡಿಸಿದೆ. ತೊಂಬತ್ತೆಂಟರಲ್ಲಿ ಉಸಿರು ಹಿಡಿದೆ. ತೊಂಬತ್ತೊಂಬತ್ತು... ನೂರು. ಸರ್ವರ್ ರೂಮಿನಲ್ಲಿ ಒಬ್ಬಳೇ ಕುಣಿದೆ. ಮ್ಯಾನೇಜರ್ ಇಣುಕಿ ನೋಡಿ, ಏನೂ ನೋಡದವರ ಹಾಗೆ ಹೋದರು. ಹಳೆಯ ದಾಖಲೆಗಳೆಲ್ಲ ಐದು ಗಂಟೆಯೊಳಗೆ ಹೊಸದಕ್ಕೆ ಬಂದು ಕೂತವು.

ಮಾವನಿಗೆ ಹೇಳಲಿಲ್ಲ. ಹೇಳುವುದೇನಿದೆ? ಒಂದೇ ಮೆಷೀನು, ಅದೂ ಬಾಗಿಲು ಹಾಕಿದ ಕೋಣೆಯಲ್ಲಿ. ಯಾರ ಕಣ್ಣಿಗೆ ಬೀಳುತ್ತದೆ? 'ಸೊಸೆ ಅಂದ್ರೆ ಇವಳು' ಹಾಗೇ ಇರಲಿ.

ಪಾಸ್‌ವರ್ಡ್ ಅಣ್ಣನಿಗೂ ಹೇಳಲಿಲ್ಲ. ನಾಳೆ ಹೇಳುತ್ತೇನೆ.

ಮಾರ್ಚ್ 13, ಗುರುವಾರ. ಸಂಜೆ 7.00

ಇವತ್ತು ಒಂದು ಕೌಂಟರನ್ನು ಹೊಸ ಸರ್ವರ್‌ಗೆ ಜೋಡಿಸಿ ಪರೀಕ್ಷೆ. ಚೀಟಿ ಮೇಲಿನ ಹೊತ್ತು ಈಗ ಸರ್ವರ್‌ನಿಂದ ಬರುತ್ತದೆ. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಪಿಟೀಲು ಮೇಷ್ಟ್ರೊಬ್ಬರು ಬಂದರು. ಆಚೆ ದಡಕ್ಕೆ ಪಾಠ ಹೇಳಲು ಹೋಗುವವರು. 4.30ರ ಲಾಂಚ್. ಚೀಟಿ ಮೇಲೆ 4.20 ಎಂದು ಬಂತು. ಗೋಡೆಯಲ್ಲಿ 4.27. ಮೇಷ್ಟ್ರು ಎರಡನ್ನೂ ನೋಡಿ ನಕ್ಕರು. "ಗಡಿಯಾರ ಹಳೇದು, ಚೀಟಿ ಕಂಪ್ಯೂಟರ್‌ದು. ಹತ್ತು ನಿಮಿಷ ಇದೆ" ಎಂದು ಚಹಾದಂಗಡಿಗೆ ಹೋದರು.

ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಲೋಟ ಕೈಯಲ್ಲಿ, ಯಾರ ಜೊತೆಗೋ ಮಾತು. ಕೊನೆಯ ಹಾರ್ನ್. ಓಡಿದರು. ಹಗ್ಗ ಬಿಚ್ಚಿಯಾಗಿತ್ತು. ನಡುವೆ ಒಂದು ಮಾರು ನೀರು. ಹಾರಿದರು.

ಒಂದು ಕಾಲು ಅಂಚಿನ ಮೇಲೆ. ಇನ್ನೊಂದು ಗಾಳಿಯಲ್ಲಿ. ಎಂಜಿನ್ ಪಕ್ಕದಲ್ಲಿದ್ದ ಲಂಗರು ಅವರ ಕಾಲರ್‌ಗೆ ಕೈ ಹಾಕಿ ಎಳೆದು ಒಳಗೆ ಕೆಡವಿದ. ಪಿಟೀಲು ಪೆಟ್ಟಿಗೆ ನೀರಿಗೆ. ತೇಲುತ್ತಿತ್ತು, ಕೊಕ್ಕೆ ಹಾಕಿ ತೆಗೆದರು. ಮೇಷ್ಟ್ರು ಪೆಟ್ಟಿಗೆ ತೆರೆದು ನೀರು ಸುರಿದರು. ಆಮೇಲೆ ಹಾಗೇ ಕೂತುಬಿಟ್ಟರು.

ಲಂಗರಿನ ಅಂಗೈ ತರಚಿತ್ತು. ಔಷಧಿ ಹಚ್ಚಲು ಹೋದೆ, ಕೈ ಕೊಡಲಿಲ್ಲ. ಆರು ವಾರದಲ್ಲಿ ಮೊದಲ ಸಲ.

"ಯಾಕ್ ಸಾರ್ ಹಾರಿದ್ರಿ ಅಂದ್ರೆ ಚೀಟಿ ತೋರಿಸ್ತಾರೆ ಅವ್ರು. ಯಾರು ಬದಲಾಯಿಸಿದ್ದು ಟೈಮು?"

ಎಲ್ಲ ಹೇಳಿದೆ. ಕೇಳಿದ. ಆಮೇಲೆ ಕೈ ಕೊಟ್ಟ.

"ಅಪ್ಪಂಗೆ ನೀನೇ ಹೇಳು. ನಾನು ಹೇಳಲ್ಲ."

"ನಾಳೆ ಬೆಳಿಗ್ಗೆ."

"ಬೆಳಿಗ್ಗೆ ಮೊದ್ಲು."

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 9.40 — ಆಫೀಸಿನಲ್ಲಿ

ಹೇಳಿದೆ.

ಮನಸ್ಸಿನಲ್ಲಿ ಒಂದು ಒಳ್ಳೆ ಇಂಗ್ಲಿಷ್ ಭಾಷಣ ತಯಾರಿತ್ತು. ಕನ್ನಡಕ್ಕೆ ಬರುವಷ್ಟರಲ್ಲಿ ಅದರ ಪೊಗರೆಲ್ಲ ಇಳಿದುಹೋಯಿತು.

"ಮಾವ, ನಿನ್ನೆ ಮೇಷ್ಟ್ರು ಹಾರಿದ್ದು ನನ್ನಿಂದ."

"ನೀನೇನು ತಳ್ಳಿದ್ಯೇನಮ್ಮ?"

ಮೊದಲಿಂದ ಹೇಳಿದೆ. ಎಂಟು ಸಲ ಕೆಟ್ಟದ್ದು, ಏಳು ನಿಮಿಷ, ಹೇಳದೆ ಮುಚ್ಚಿಟ್ಟದ್ದು. ಮಾವ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ಅಂದ್ರೆ ಆ ಮೆಷೀನು ನನ್ನ ಗಡಿಯಾರ ತಪ್ಪು ಅಂತು."

"ತಪ್ಪು ಅನ್ನಲ್ಲ ಮಾವ. ಐದು ನಿಮಿಷದ ತನಕ ಸಹಿಸ್ಕೊಳ್ಳತ್ತೆ. ಅದಕ್ಕಿಂತ ಜಾಸ್ತಿಯಾದ್ರೆ ನಂಬಲ್ಲ. ಲಾಗಿನ್ ಅಂದ್ರೆ ಅದೂ ಒಂದು ಚೀಟಿನೇ. ಯಾವಾಗ್ಲೋ ಕೊಟ್ಟ ಹಳೇ ಚೀಟಿ ಹಿಡ್ಕೊಂಡು ಯಾರಾದ್ರೂ ನುಗ್ಗಿಬಿಟ್ರೆ ಅಂತ ಹೊತ್ತು ನೋಡತ್ತೆ."

ಮಾವ ತಲೆಯಾಡಿಸಿದರು. "ಅದು ಸರಿ. ನಾವೂ ಬೆಳಿಗ್ಗೆ ಚೀಟಿ ಸಂಜೆ ಬಿಡ್ತಿರ್ಲಿಲ್ಲ." ತಮ್ಮಂಥ ಇನ್ನೊಬ್ಬ ಟೈಮ್‌ಕೀಪರ್ ಬಗ್ಗೆ ಮಾತಾಡಿದ ಹಾಗೆ.

ನನಗೆ ಧೈರ್ಯ ಬಂತು. "ಮಾವ, ನಾಲ್ಕು ಮಾಡಿದ್ರೆ? ಗಡಿಯಾರ ನಾಲ್ಕೇ ನಿಮಿಷ ಮುಂದೆ ಇಡೋಣ. ಸರ್ವರ್‌ನಲ್ಲೂ ನಾಲ್ಕು. ಅದೂ ಸುಮ್ನಿರತ್ತೆ, ನೀವೂ..."

ಅಡುಗೆಮನೆಯಿಂದ ಅತ್ತೆ: "ನಾಲ್ಕು ಇಟ್ಟಿದ್ರೆ ನನ್ನ ಇನ್ನೊಂದು ಕಾಲೂ ಹೋಗ್ತಿತ್ತು."

ನಾಲಿಗೆ ಕಚ್ಚಿಕೊಂಡೆ. ಅತ್ತೆ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತರು.

"ನಾನು ಆಚೆ ದಡದ ನೂಲಿನ ಕಾರ್ಖಾನೆಗೆ ಹೋಗ್ತಿದ್ದೆ. ಮದುವೆಗೆ ಮುಂಚೆ. ದಿನಾ ಓಡ್ಕೊಂಡು ಬರೋದು, ದಿನಾ ಹಾರೋದು. ಒಂದಿನ ಕಾಲು ಲಾಂಚಿಗೂ ದಡಕ್ಕೂ ಮಧ್ಯ ಸಿಕ್ಕಿಕೊಳ್ತು. ಇವ್ರೇ ಎತ್ಕೊಂಡು ಆಸ್ಪತ್ರೆಗೆ ಹಾಕಿದ್ದು. ನಾಲ್ಕು ತಿಂಗಳು ಬಿಟ್ಟು ಕೋಲು ಊರ್ಕೊಂಡು ಬಂದ್ರೆ ಜೆಟ್ಟಿ ಗಡಿಯಾರ ಏಳು ನಿಮಿಷ ಮುಂದೆ. ಯಾಕ್ರೀ ಅಂದೆ. ಏನಂದ್ರು ಕೇಳು."

ಮಾವ ಕಿಟಕಿ ಕಡೆ ತಿರುಗಿಕೊಂಡರು.

"'ನೀವು ದಿನಾ ಏಳು ನಿಮಿಷ ಲೇಟು. ಬರೆದಿಟ್ಟಿದ್ದೀನಿ' ಅಂದ್ರು!"

"ಅತ್ತೇ! ಹೌ ಸ್ವೀಟ್!"

"ಏನು ಸ್ವೀಟು? ನನ್ನ ಕಾಲು ಮುರಿದಿದ್ದಾ?" ಎಂದರು. ಆದರೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು.

ಮೂವತ್ತಮೂರು ವರ್ಷ. ಒಬ್ಬ ಹುಡುಗಿಗಾಗಿ ಇಡೀ ಊರನ್ನು ಏಳು ನಿಮಿಷ ಮುಂದೆ ತಳ್ಳಿದ್ದಾರೆ! ಅದನ್ನು ನಾನು ಒಂದು ಸಾಲು ಅಳಿಸಿ ಹಿಂದಕ್ಕೆ ತಂದೆ, ಹೇಳದೆ ಕೇಳದೆ. ಕಣ್ಣಲ್ಲಿ ನೀರು ಬಂತು. ಅತ್ತುಬಿಟ್ಟೆ. ಮಾವ ಗಾಬರಿಯಾಗಿ ಪೇಪರ್‌ನಿಂದ ಗಾಳಿ ಬೀಸಿದರು.

ಆಮೇಲೆ ಅವರೇ ಹೇಳಿದರು, ನಿಧಾನಕ್ಕೆ. "ಆಗ ಜೆಟ್ಟಿಗೆ ನಾನೊಬ್ಬ. ಚೀಟಿ ಕೊಡೋನೂ ನಾನೇ, ಹಗ್ಗ ಬಿಚ್ಚೋನೂ ನಾನೇ. ಮುಂಚೆನೇ ಜನ ಹತ್ತೋ ಹಲಗೆ ಎಳೆದಿಟ್ಟು ಅಡ್ಡ ನಿಲ್ಲೋಕೆ ಇನ್ನೊಬ್ಬ ಇರ್ಲಿಲ್ಲ. ಅದಕ್ಕೇ ಗಡಿಯಾರಕ್ಕೆ ಸುಳ್ಳು ಹೇಳಿಸ್ದೆ. ಈಗ ಹಲಗೆಗೆ ಅಂತ್ಲೇ ಇಬ್ಬರಿದ್ದಾರೆ. ನಿನ್ನ ಚೀಟಿಲಿ ಲಾಂಚ್ ಹೊರಡೋ ಹೊತ್ತು ಬಿಟ್ಟು ಹಲಗೆ ತೆಗೆಯೋ ಹೊತ್ತು ಹಾಕಕ್ಕಾಗತ್ತಾ? ದಪ್ಪಗೆ?"

"ಆಗತ್ತೆ ಮಾವ."

"ಹೊರಡೋಕ್ಕೆ ಏಳು ನಿಮಿಷ ಮುಂಚೆ. ಆಮೇಲೆ ರಾಜ ಬಂದ್ರೂ ಹಲಗೆ ಹಾಕಬಾರದು. ಮ್ಯಾನೇಜರ್‌ಗೆ ನಾನು ಹೇಳ್ತೀನಿ."

ಗೋಡೆ ಗಡಿಯಾರದ ಮಾತು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಾರ್ಚ್ 15, ಶನಿವಾರ. ಸಂಜೆ 6.10

ಹಲಗೆಯ ಹೊತ್ತು ಚೀಟಿಯ ಮೇಲೆ ಬಂತು. ಬೆರಳುದ್ದದ ಅಕ್ಷರ. ಲಂಗರು ನೋಡಿ, ಇದನ್ನು ನೀರೊಳಗಿನ ಮೀನೂ ಓದುತ್ತದೆ ಎಂದ. ಇವತ್ತು ನಾಲ್ಕು ಲಾಂಚ್‌ಗಳಿಗೆ ಕೊಟ್ಟು ನೋಡಿದೆವು. ಇಬ್ಬರು ಪ್ರಯಾಣಿಕರು ಹಲಗೆಯವರ ಮೇಲೆ ಕೂಗಾಡಿದರು. ಒಬ್ಬರೂ ಹಾರಲಿಲ್ಲ.

ಕೌಂಟರ್‌ಗಳಿಗೂ ನಿಜವಾದ ಹೊತ್ತು ಹಾಕಿದೆ. ಮೇಷ್ಟ್ರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಪಿಟೀಲು ಕಿಟಕಿಯಲ್ಲಿ ಒಣಗುತ್ತಿತ್ತು.

ಪಾಸ್‌ವರ್ಡ್ ಅಣ್ಣನಿಗೆ ಫೋನ್. "ತಪ್ಪು ನಂದೇ ಅಣ್ಣಾ. ನಿಮ್ಮ ಸಾಹೇಬ್ರಿಗೆ ಇನ್ನೊಂದು ಮೇಲ್ ಬರೆದಿದ್ದೀನಿ, ಹಾಗಂತಲೇ."

"ಓದ್ದೆ ಮೇಡಂ. ಮೊದಲ್ನೇದೇ ಚೆನ್ನಾಗಿತ್ತು ಇಂಗ್ಲಿಷು."

ಆಮೇಲೆ ಅವರೇ ಕೇಳಿದರು: "ಏಳು ನಿಮಿಷ ಯಾಕೆ ಮುಂದೆ ಇತ್ತು ಹೇಳಿ."

ಹೇಳಿದೆ. ಎಲ್ಲ ಕೇಳಿಸಿಕೊಂಡರು. ಆಮೇಲೆ, "ನಮ್ಮನೆಯವಳಿಗೆ ಇದನ್ನ ಹೇಳಲ್ಲ ಮೇಡಂ. ನೀವೇನು ಮಾಡಿದ್ರಿ ಅಂತ ಕೇಳ್ತಾಳೆ."

ಮಾರ್ಚ್ 17, ಸೋಮವಾರ. ಸಂಜೆ 6.30

ಬೆಳಿಗ್ಗೆ 9ಕ್ಕೆ ಹಳೇ ಸರ್ವರ್ ಆರಿಸಿದೆವು. ಸದ್ದು ನಿಂತಾಗ ಕೋಣೆ ದೊಡ್ಡದಾದ ಹಾಗಿತ್ತು. ಎಲ್ಲ ಕೌಂಟರ್‌ಗಳೂ ಹೊಸದರ ಮೇಲೆ. ಮೊದಲ ಚೀಟಿ ಸರಾಗವಾಗಿ ಬಂತು.

ಸ್ವಲ್ಪ ಹೊತ್ತಿಗೆ ಮಾವ ಏಣಿ ಹೊತ್ತುಕೊಂಡು ಬಂದರು. ಸೋಮವಾರ ಅಲ್ಲವೇ. ಹಿಂದೆಯೇ ಅತ್ತೆ, ಕಾಲೆಳೆಯುತ್ತಾ. ಅವರು ಯಾವತ್ತೂ ಬರುವುದಿಲ್ಲವಂತೆ. ನಾನು ಓಡಿ ಹೋಗಿ ಏಣಿ ಹಿಡಿದೆ.

ಮಾವ ಗಾಜಿನ ಬಾಗಿಲು ತೆಗೆದು, ಕೀಲಿ ಕೊಟ್ಟು, ಕೆಳಗೆ ನೋಡಿದರು.

"ನಿನ್ನ ಮೆಷೀನಲ್ಲಿ ಎಷ್ಟು?"

"ಒಂಬತ್ತು ಹನ್ನೆರಡು ಮಾವ."

ಗಡಿಯಾರದಲ್ಲಿ ಒಂಬತ್ತು ಹತ್ತೊಂಬತ್ತು. ಮುಳ್ಳು ಹಿಂದಕ್ಕೆ ತಿರುಗಿಸುತ್ತಾರೆ ಅಂದುಕೊಂಡೆ. ಇಲ್ಲ. ಹಿಂದಕ್ಕೆ ತಿರುಗಿಸಿದರೆ ಒಳಗಿನ ಹಲ್ಲು ಮುರಿಯುತ್ತದಂತೆ. ಎರಡು ಬೆರಳಿನಿಂದ ಲೋಲಕ ಹಿಡಿದು ನಿಲ್ಲಿಸಿದರು. ಹಾಗೇ ಏಣಿಯ ಮೇಲೆ ನಿಂತರು. ಲೋಕ ಬಂದು ಸೇರಲಿ ಎಂದು.

ಏಳು ನಿಮಿಷ ಎಷ್ಟು ಉದ್ದ ಅಂತ ಇವತ್ತು ಗೊತ್ತಾಯಿತು. ಲಂಗರು ಎಂಜಿನ್ ಕೋಣೆಯಿಂದ ಮೇಲೆ ಬಂದ, ಯಾರೂ ಎಳೆಯದೆ. ಅಪ್ಪನನ್ನು ನೋಡುತ್ತಾ ಕೈ ಒರೆಸಿಕೊಂಡ, ಒರೆಸುತ್ತಲೇ ಇದ್ದ. ಕೌಂಟರ್‌ನವರು ಕಿಟಕಿಗೆ ಬಂದರು. ಗಡಿಯಾರ ಮಾತಾಡದಿದ್ದರೆ ಜೆಟ್ಟಿಯಲ್ಲಿ ನೀರಿನ ಸದ್ದು ಕೇಳುತ್ತದೆ.

ಫೋನ್ ಹಿಡಿದು ಹೇಳಿದೆ. "ಹತ್ತೊಂಬತ್ತು, ಮಾವ."

ಲೋಲಕ ತಳ್ಳಿದರು.

ಇಳಿದ ಮೇಲೆ ಅತ್ತೆಯನ್ನು ನೋಡಿದರು. "ಇನ್ನು ಲೇಟ್ ಆದ್ರೆ ನನ್ನ ಕೇಳ್ಬೇಡ."

"ಓಡೋ ಕಾಲು ಎಲ್ಲಿದೆ ಈಗ?" ಎಂದರು ಅತ್ತೆ. "ನಡೀರಿ. ಏಣಿ ಅವನು ತರ್ತಾನೆ." ಮಾವನ ತೋಳು ಹಿಡಿದುಕೊಂಡು ಹೊರಟರು. ಜೆಟ್ಟಿಯ ನಡುವೆ, ಎಲ್ಲರೆದುರು!

ಮ್ಯಾನೇಜರ್ ಸಹಿ ಹಾಕಿದರು. ಅರ್ಜಿಯ ಮೂಲೆಯಲ್ಲಿ ಚಹಾ ಲೋಟದ ಕಲೆ. ಮುತ್ತು ಕೊಟ್ಟೆ, ಅರ್ಜಿಗೆ.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 7.54

ನೀಲಿ ಸೀರೆ ಉಟ್ಟಾಯಿತು. ಲಂಗರು ನೀಲಿ ಶರ್ಟ್‌ನಲ್ಲಿ ಸೂಟ್‌ಕೇಸ್ ಹಿಡಿದು ಗೇಟಿನ ಹತ್ತಿರ ನಿಂತು, "ಬಾರೇ ಮಹಾರಾಣಿ" ಎಂದು ಮೂರನೇ ಸಲ ಕೂಗುತ್ತಿದ್ದಾನೆ. ನನ್ನ ಫೋನೂ ಅವನ ಹತ್ತಿರವೇ ಇದೆ. ಒಂದು ಪುಟ ಬರೆದು ಬರುತ್ತೇನೆ ಎಂದೆ.

ಅವಸರ ಏನು? ಮನೆ ಗಡಿಯಾರದಲ್ಲಿ 7.54. ಅಂದರೆ 7.47. ಲಾಂಚ್ 8.10ಕ್ಕೆ, ಹಲಗೆ ತೆಗೆಯುವುದು 8.03ಕ್ಕೆ. ನಾನೇ ಹಾಕಿಸಿದ ನಿಯಮ, ರಾಜ ಬಂದರೂ ಬಿಡುವುದಿಲ್ಲ, ರಾಣಿ ಬಂದರೂ ಬಿಡುವುದಿಲ್ಲ. ಎಂಟು ನಿಮಿಷದ ದಾರಿ. ಹಾರ್ನ್ ಆಗಲು ಇನ್ನೂ ಎಷ್ಟೊಂದು ಹೊತ್ತಿದೆ. ನನ್ನ ಬಿಟ್ಟಿ ಏಳು ನಿಮಿಷ!

ಮಾವ ಬೆಳಿಗ್ಗೆಯಿಂದ ನಗು ನುಂಗಿಕೊಂಡು ಓಡಾಡುತ್ತಿದ್ದಾರೆ. ನಿನ್ನೆಯ ಖುಷಿ ಇನ್ನೂ ಇಳಿದಿಲ್ಲ, ಪಾಪ. ಈಗಲೂ ಹಾಲ್‌ನಲ್ಲಿ ನಿಂತು ಗಡಿಯಾರವನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದಾರೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಾರೆ.

ಹಳದಿ ಕಿಟಕಿಗಳ ಕೋಣೆಗೆ ಹೋದ ಮೇಲೆ ಮೊದಲು ಮಾಡುವ ಕೆಲಸ ಎಂದರೆ —

ಹಾರ್ನ್?

ಮೊದಲ ಹಾರ್ನ್. ಅದು 7.55ಕ್ಕೆ ಆಗುವುದು. ಮನೆ ಗಡಿಯಾರದಲ್ಲೂ ಈಗ 7.55. ಆಗ 8.02 ಇರಬೇಕಿತ್ತಲ್ಲ

ಅಯ್ಯೋ ಮಾವ! ಮನೆಯದನ್ನೂ ಸರಿ ಮಾ